ಗೆಳತಿಯ ತಾಯಿಯ ಮಣ್ಣಿಗೆ ಜಮೈಕಾಕ್ಕೆ ಹೊರಟಿದ್ದೇನೆ, ಅಲ್ಲಿ ಹೇಗಿರಬೇಕು?

ಪ್ರಶ್ನೆ: ನಾವು ತುಮಕೂರಿನ ಕಡೆಯವರು. ಈಗ ಟೊರೊಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿದ್ದೇವೆ. ಪಕ್ಕದ ಮನೆಯವರು ಜಮೈಕಾದವರು, ಆಕೆ ನನಗೆ ಅಕ್ಕನ ಹಾಗೆ. ಅವರ ತಾಯಿ ಇಲ್ಲಿಗೆ ಬಂದಾಗಲೆಲ್ಲ ನನ್ನ ಮಗಳನ್ನು ಎತ್ತಿ ಆಡಿಸಿದವರು. ಮೂರು ವಾರದ ಹಿಂದೆ ಸೇಂಟ್ ಮೇರಿ ಪ್ಯಾರಿಷ್‌ನ (ಪ್ಯಾರಿಷ್ ಅಂದರೆ ನಮ್ಮ ಜಿಲ್ಲೆಯ ಹಾಗೆ) ತಮ್ಮ ಹಳ್ಳಿಯಲ್ಲಿ ತೀರಿಕೊಂಡರು. ಮಣ್ಣು ಇನ್ನೂ ಆಗಿಲ್ಲ, ಬರುವ ಶನಿವಾರವಂತೆ. "ನೀನೂ ಬಾ" ಅಂದಿದ್ದಾರೆ. ಶನಿವಾರ ಬೆಳಿಗ್ಗೆ ಇಳಿದು, ಚರ್ಚಿಗೆ ಹೋಗಿ, ಅವತ್ತೇ ರಾತ್ರಿ ಹೊರಟುಬಿಡೋಣ ಅಂತಿದ್ದೇನೆ. ಹಿಂದಿನ ರಾತ್ರಿ ಹಾಡು, ಡಾಮಿನೋ ಆಟ, ರಮ್ ಎಲ್ಲ ಇರುತ್ತದೆ ಅಂತ ಕೇಳಿ ಗಾಬರಿಯಾಗಿದೆ. ನಾನು ಸಸ್ಯಾಹಾರಿ. ಸಾವಿನ ಮನೆಯಲ್ಲಿ ಊಟ ಮಾಡಲೇಬೇಕಾ? ಯಾವ ಬಣ್ಣದ ಬಟ್ಟೆ? ದುಡ್ಡು ಕೊಡಬೇಕಾ? ಆರು ವರ್ಷದ ಮಗಳನ್ನು ಕರೆದುಕೊಂಡು ಹೋಗಬಹುದಾ?

ಉತ್ತರ: ಖಂಡಿತ ಹೋಗಿ. ಆದರೆ ಮೊದಲು ಟಿಕೆಟ್ ಬದಲಾಯಿಸಿಕೊಳ್ಳಿ. ಬೆಳಿಗ್ಗೆ ಇಳಿದು ಚರ್ಚಿನಲ್ಲಿ ಮುಖ ತೋರಿಸಿ ಹೊರಡುವುದು ದೂರದ ಪರಿಚಯದವರ ರೀತಿ. ನೀವು ಆ ಮನೆಗೆ ಹತ್ತಿರದವರು. ಹತ್ತಿರದವರ ಜಾಗ ಇರುವುದು ಅದಕ್ಕೂ ಹಿಂದಿನ ರಾತ್ರಿಗಳಲ್ಲಿ, ಮನೆಯ ಅಂಗಳದಲ್ಲಿ. ಗುರುವಾರ ತಲುಪಿದರೆ ಒಳ್ಳೆಯದು. ಆಗಲ್ಲ ಅಂದರೆ ಶುಕ್ರವಾರ ಸಂಜೆಯೊಳಗಾದರೂ ಹಳ್ಳಿಯಲ್ಲಿರಿ. ಎರಡರಲ್ಲಿ ಒಂದಕ್ಕೇ ಹೋಗಲು ಸಾಧ್ಯ ಅಂದಿದ್ದರೆ, ನೀವು ಹೆದರುತ್ತಿರುವ ಆ ರಾತ್ರಿಗೇ ಹೋಗಿ ಅನ್ನುತ್ತಿದ್ದೆ.

ಮೂರು ವಾರ ಯಾಕೆ ಮಣ್ಣು ಮಾಡಿಲ್ಲ ಅನ್ನುವುದು ನಿಮಗೆ ವಿಚಿತ್ರ ಅನ್ನಿಸಿರಬೇಕು. ನಮ್ಮಲ್ಲಿ ಬೆಳಿಗ್ಗೆ ಹೋದವರನ್ನು ಸಂಜೆಯೊಳಗೆ ಮುಗಿಸುತ್ತೇವೆ. ಅಮೆರಿಕದಲ್ಲಿರುವ ಮಗ ಫೋನಿನಲ್ಲೇ ಅಳಬೇಕು. ಜಮೈಕಾದಲ್ಲಿ ಕಾಯುತ್ತಾರೆ. 1948ರಲ್ಲಿ ವಲಸೆ ಹೊರಟವರನ್ನು ಹೊತ್ತು ವಿಂಡ್‌ರಷ್ ಹಡಗು ಇಂಗ್ಲೆಂಡಿಗೆ ಹೋದಲ್ಲಿಂದ ಲಂಡನ್, ಬರ್ಮಿಂಗ್‌ಹ್ಯಾಮ್, ಆಮೇಲೆ ನ್ಯೂಯಾರ್ಕ್, ಟೊರೊಂಟೊ ಅಂತ ಜನ ಹರಡಿಹೋಗಿದ್ದಾರೆ. ಹೊರಗೆ ಯಾರೂ ಇಲ್ಲದ ಮನೆ ಅಲ್ಲಿ ಅಪರೂಪ. ಮಕ್ಕಳಿಗೆ ರಜೆ ಸಿಗಬೇಕು, ಟಿಕೆಟ್ ಸಿಗಬೇಕು, ಖರ್ಚಿಗೆ ದುಡ್ಡು ಕೂಡಬೇಕು. ಅಲ್ಲಿಯವರೆಗೆ ದೇಹ ಫ್ಯೂನರಲ್ ಹೋಮ್‌ನ ಶೈತ್ಯದಲ್ಲಿರುತ್ತದೆ. ಮೂರು ವಾರ, ಐದು ವಾರ ಅಲ್ಲಿ ಮಾಮೂಲು. ಮಣ್ಣಿಗಾಗಿ ಸಮುದ್ರ ದಾಟಿ ಬರುವುದು ಎಷ್ಟು ಸಹಜ ಅಂದರೆ, 2020ರ ಮಾರ್ಚ್ 10ರಂದು ಆ ದೇಶದಲ್ಲಿ ಮೊದಲು ಕೊರೊನಾ ಪತ್ತೆಯಾಗಿದ್ದೇ ಬ್ರಿಟನ್ನಿನಿಂದ ಹೀಗೆ ಒಂದು ಮಣ್ಣಿಗೆ ಬಂದಿದ್ದ ಹೆಂಗಸಿನಲ್ಲಿ.

ಹೊರಗೆ ಸತ್ತವರನ್ನು ಊರಿಗೆ ತರುವುದೂ ಉಂಟು. ಲೂಯಿಸ್ ಬೆನೆಟ್, ಅಂದರೆ ಅಲ್ಲಿನವರೆಲ್ಲ ಮಿಸ್ ಲೂ ಅಂತ ಕರೆಯುವ ಜಾನಪದ ಕವಯಿತ್ರಿ, 2006ರ ಜುಲೈಯಲ್ಲಿ ನಿಮ್ಮ ಟೊರೊಂಟೊದಲ್ಲೇ ತೀರಿಕೊಂಡರು. ಅವರನ್ನು ಕಿಂಗ್‌ಸ್ಟನ್‌ಗೆ ಒಯ್ದು ನ್ಯಾಷನಲ್ ಹೀರೋಸ್ ಪಾರ್ಕ್‌ನಲ್ಲಿ ಮಣ್ಣು ಮಾಡಿದರು. ನಾಲ್ಕು ವರ್ಷ ಮೊದಲೇ ಕೆನಡಾದಲ್ಲಿ ಹೋಗಿದ್ದ ಗಂಡನ ಅವಶೇಷಗಳನ್ನೂ ಜೊತೆಗೇ ತಂದರು. ಆಕೆಯ ಹೆಸರು ಸುಮ್ನೆ ಎತ್ತಿದ್ದಲ್ಲ. ನೀವು ಹೋಗುತ್ತಿರುವ ಸೇಂಟ್ ಮೇರಿಯ ಸಾವಿನ ಹಾಡುಗಳನ್ನು ದೇಶಕ್ಕೆಲ್ಲ ಕೇಳಿಸಿದವರಲ್ಲಿ ಆಕೆಯೇ ಮುಖ್ಯರು. ಆ ಹಾಡು-ಕುಣಿತಕ್ಕೆ ಡಿಂಕಿ ಮಿನಿ ಅನ್ನುತ್ತಾರೆ.

ಈಗ ಆ ರಾತ್ರಿಯ ವಿಷಯ. ಇದಕ್ಕೆ ನೈನ್ ನೈಟ್ ಅಂತಲೂ ಸೆಟಪ್ ಅಂತಲೂ ಹೆಸರು. ಸಾವಾದ ಮನೆಯನ್ನು ಡೆಡ್ ಯಾರ್ಡ್ ಅನ್ನುತ್ತಾರೆ. ಹಳೆಯ ಪದ್ಧತಿಯಲ್ಲಿ ಸತ್ತ ದಿನದಿಂದ ಒಂಬತ್ತು ರಾತ್ರಿ ನೆರೆಯವರು ಬಂದು ಮನೆಯವರನ್ನು ಒಂಟಿಯಾಗಿ ಬಿಡದೆ ಕೂರುತ್ತಿದ್ದರು. ಆಫ್ರಿಕಾದಿಂದ ಗುಲಾಮರಾಗಿ ಬಂದವರ ನಂಬಿಕೆಯಲ್ಲಿ ಮನುಷ್ಯನ ಒಂದು ಆತ್ಮ ದೇವರ ಹತ್ತಿರ ಹೋಗುತ್ತದೆ. ಇನ್ನೊಂದು, ನೆರಳಿನಂಥದ್ದು, ಮನೆಯ ಸುತ್ತ ಉಳಿಯುತ್ತದೆ. ಅದೇ ಡಪ್ಪಿ. ಅದಕ್ಕೆ ಮರ್ಯಾದೆಯಿಂದ ಬೀಳ್ಕೊಡುಗೆ ಆಗದಿದ್ದರೆ ಅಲ್ಲೇ ಸುತ್ತುತ್ತಾ ಕಾಟ ಕೊಡುತ್ತದೆ. ಒಂಬತ್ತನೆಯ ರಾತ್ರಿ ಅದಕ್ಕಿಷ್ಟವಾದ ಅಡುಗೆಯನ್ನು ಮೇಜಿನ ಮೇಲೆ ಇಟ್ಟು, ನಡುರಾತ್ರಿಯವರೆಗೆ ಯಾರೂ ಮುಟ್ಟದೆ, ಆಮೇಲೆ ಹಾಡಿ ಕಳಿಸುತ್ತಾರೆ. ಕೋಣೆಯ ಮಂಚ, ಕುರ್ಚಿಗಳ ಜಾಗ ಬದಲಿಸುತ್ತಾರೆ, ವಾಪಸ್ ಬಂದರೆ ಮನೆ ಗುರುತು ಸಿಗದಿರಲಿ ಅಂತ. ಕನ್ನಡಿಗೆ ಬಟ್ಟೆ ಮುಚ್ಚಿದ್ದನ್ನೂ ನೀವು ನೋಡಬಹುದು. ಅದನ್ನು ತೆಗೆಯಬೇಡಿ, ಅದರ ಬಗ್ಗೆ ಪ್ರಶ್ನೆಗಳನ್ನೂ ಹಾಕಬೇಡಿ. ಚರ್ಚಿಗೆ ತಪ್ಪದೆ ಹೋಗುವವರ ಮನೆಯಲ್ಲೂ ಇದು ನಡೆಯುತ್ತದೆ. ಕೇಳಿದರೆ "ಹಳಬರು ಮಾಡುತ್ತಿದ್ದರು" ಅಂತ ನಗುತ್ತಾರೆ, ಅಷ್ಟೇ.

ಈಗ ದೇಹ ವಾರಗಟ್ಟಲೆ ಇರುವುದರಿಂದ ಲೆಕ್ಕದ ಒಂಬತ್ತನೇ ರಾತ್ರಿ ಉಳಿದಿಲ್ಲ. ಹೆಚ್ಚಿನ ಕಡೆ ಮಣ್ಣಿನ ಹಿಂದಿನ ರಾತ್ರಿಯನ್ನೇ ನೈನ್ ನೈಟ್ ಅನ್ನುತ್ತಾರೆ. ಅಂದರೆ ನಿಮಗೆ ಶುಕ್ರವಾರ ರಾತ್ರಿ. ಅದಕ್ಕೂ ಮುಂಚೆ ದಿನಾ ಸಂಜೆ ನೆರೆಯವರು ಬಂದು ಕೂತು ಹೋಗುತ್ತಿರುತ್ತಾರೆ.

ನಿಮ್ಮ ಗಾಬರಿ ನನಗೆ ಅರ್ಥವಾಗುತ್ತದೆ. ತಾಯಿ ಹೋಗಿದ್ದಾರೆ, ಅಂಗಳದಲ್ಲಿ ಡಾಮಿನೋ ಕಾಯಿಯನ್ನು ಮೇಜಿಗೆ ಪಟೀರ್ ಅಂತ ಕುಟ್ಟಿ ನಗುತ್ತಿದ್ದಾರೆ, ಇದೆಂಥ ದುಃಖ ಅಂತ ಅನ್ನಿಸುತ್ತದೆ. ಆದರೆ ತುಮಕೂರಿನ ಹಳ್ಳಿಗಳಲ್ಲಿ ಬಾಳಿ ಬದುಕಿದ ಅಜ್ಜಿ ಹೋದರೆ ಏನು ಮಾಡುತ್ತೀವಿ? ತಮಟೆ ಬಡಿಸುತ್ತೇವೆ, ಪಟಾಕಿ ಹೊಡೆಯುತ್ತೇವೆ, ರಾತ್ರಿಯಿಡೀ ಭಜನೆ ಕೂರಿಸುತ್ತೇವೆ. ಯಾರೂ ಅದನ್ನು ಸಂತೋಷ ಅನ್ನಲ್ಲ ಅಲ್ವಾ? ಡಿಂಕಿ ಮಿನಿ ಹುಟ್ಟಿದ್ದೇ ಮನೆಯವರನ್ನು ನಗಿಸಲು. ಮಂಡಿ ಬಗ್ಗಿಸಿ, ಸೊಂಟ ಕುಲುಕಿಸಿ ಕುಣಿಯುವ ಪೋಲಿ ಕುಣಿತ ಅದು. ಸಾವಿಗೆ ಎದುರಾಗಿ ಜೀವವನ್ನು ತೋರಿಸುವುದೇ ಅದರ ಉದ್ದೇಶ. ಬಿದಿರಿನ ತುಂಡಿನ ಸಿಪ್ಪೆಯನ್ನೇ ಎಬ್ಬಿಸಿ ತಂತಿ ಮಾಡಿ, ಅದರ ಮೇಲೆ ಸೋರೆ ಬುರುಡೆ ಆಡಿಸಿ ನುಡಿಸುವ ಬೆಂಟಾ ಅನ್ನುವ ವಾದ್ಯ ಅದಕ್ಕಿತ್ತು. ಅದನ್ನು ಈಗ ಹಳ್ಳಿಯ ಅಂಗಳಕ್ಕಿಂತ ಜಾನಪದ ಸ್ಪರ್ಧೆಯ ವೇದಿಕೆಯಲ್ಲೇ ನೋಡುವುದು ಜಾಸ್ತಿ. ಬೇರೆ ಪ್ಯಾರಿಷ್‌ಗಳಿಗೆ ಹೋದರೆ ಹೆಸರೂ ಬದಲು, ರೀತಿಯೂ ಬದಲು. ಪಶ್ಚಿಮದ ಹ್ಯಾನೋವರ್, ವೆಸ್ಟ್‌ಮೋರ್‌ಲ್ಯಾಂಡ್ ಕಡೆ ಗೆರೆ, ಸೇಂಟ್ ಥಾಮಸ್‌ನಲ್ಲಿ ಡ್ರಮ್ ಬಾರಿಸಿ ಪೂರ್ವಿಕರನ್ನು ಕರೆಯುವ ಕುಮಿನಾ.

ತೋಟದ ಮಾಲೀಕರು ಒಂದು ಕಾಲಕ್ಕೆ ಗುಲಾಮರ ಡ್ರಮ್ಮಿಗೂ ರಾತ್ರಿಯ ಕೂಟಗಳಿಗೂ ನಿಷೇಧ ಹಾಕಿದ್ದರು. ಸೇಂಟ್ ಮೇರಿಯಲ್ಲೇ 1760ರಲ್ಲಿ ಟ್ಯಾಕಿ ಅನ್ನುವವನ ಮುಂದಾಳತ್ವದಲ್ಲಿ ದೊಡ್ಡ ದಂಗೆ ಎದ್ದಿತ್ತು. ಜನ ಒಟ್ಟಾಗಿ ಸೇರುವುದನ್ನು ಕಂಡರೇ ದಣಿಗಳಿಗೆ ಭಯ. ಅಂಥ ಕಾಲವನ್ನೂ ದಾಟಿ ಉಳಿದ ರಾತ್ರಿ ಇದು. ಹಾಗಾಗಿ ಗದ್ದಲ ನೋಡಿ ಮೂಗು ಮುರಿಯಬೇಡಿ.

ಇಷ್ಟು ಹೇಳಿ, ಒಂದು ಮಾತು ಒಪ್ಪಬೇಕು. ಪಟ್ಟಣಗಳಲ್ಲಿ ನೈನ್ ನೈಟ್ ಬೇರೆಯೇ ಆಗಿಬಿಟ್ಟಿದೆ. ಮನೆಯೆತ್ತರದ ಸ್ಪೀಕರ್, ಡಿಜೆ, ಬಾಡಿಗೆ ಪೆಂಡಾಲು, ಸತ್ತವರ ಹೆಸರೂ ಗೊತ್ತಿಲ್ಲದ ಜನ. 1997ರ ಶಬ್ದ ನಿಯಂತ್ರಣ ಕಾಯ್ದೆ ಹಿಡಿದು ಪೊಲೀಸರು ಬಂದು ನಿಲ್ಲಿಸುವುದೂ ಇದೆ. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ವಯಸ್ಸಾದ ಜಮೈಕನ್ನರೂ ಗೊಣಗುತ್ತಾರೆ. ಬೆಟ್ಟದ ಹಳ್ಳಿಯಲ್ಲಿ ನಿಮಗೆ ಸಿಗುವುದು ಬಹುಶಃ ಎರಡರ ಮಿಶ್ರಣ. ಹತ್ತು ಗಂಟೆಯವರೆಗೆ ಹಾಡು-ಪ್ರಾರ್ಥನೆ, ಆಮೇಲೆ ಸ್ಪೀಕರ್. ಸ್ಪೀಕರ್ ಶುರುವಾದ ಮೇಲೆ ಮಲಗಲು ಹೋದರೆ ಯಾರೂ ತಪ್ಪು ತಿಳಿಯಲ್ಲ.

ಅಂಗಳಕ್ಕೆ ಕಾಲಿಡುವಾಗ ಗಟ್ಟಿಯಾಗಿ "ಗುಡ್ ಈವ್ನಿಂಗ್" ಅನ್ನಿ. ಎಲ್ಲರಿಗೂ ಕೇಳಬೇಕು. ಜಮೈಕಾದ ಹಳ್ಳಿಯಲ್ಲಿ ಇದು ಸಣ್ಣ ವಿಷಯವಲ್ಲ. ವಂದಿಸದೆ ಒಳಗೆ ಬಂದವರನ್ನು ಸಂಸ್ಕಾರ ಇಲ್ಲದವರು ಅಂದುಕೊಳ್ಳುತ್ತಾರೆ. ನಮ್ಮ ಹಾಗೆ ಸಾವಿನ ಮನೆಗೆ ತಲೆ ತಗ್ಗಿಸಿಕೊಂಡು ಮೌನವಾಗಿ ಬಂದು ಮೂಲೆಯಲ್ಲಿ ಕೂತರೆ ಅಲ್ಲಿ ಅದು ಬಿಗುಮಾನದಂತೆ ಕಾಣುತ್ತದೆ. ಹಿರಿಯ ಹೆಂಗಸರನ್ನು ಮಿಸ್ ಸೇರಿಸಿ, ಹಳೆಯ ಕಾಲದ ಗಂಡಸರನ್ನು ಮಾಸ್ ಸೇರಿಸಿ ಕರೆಯುತ್ತಾರೆ. ಮದುವೆಯಾಗಿ ಮೊಮ್ಮಕ್ಕಳಿದ್ದರೂ ಮಿಸ್ಸೇ. ಗೆಳತಿಯ ತಾಯಿಯ ಮುದ್ದು ಹೆಸರು ಏನು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ದಾಖಲೆಯ ಹೆಸರು ಊರಲ್ಲಿ ಅರ್ಧ ಜನಕ್ಕೆ ಗೊತ್ತೇ ಇರುವುದಿಲ್ಲ. ರೇಡಿಯೋದಲ್ಲಿ ಓದುವ ಸಾವಿನ ಸುದ್ದಿಯಲ್ಲೂ ಪೂರ್ತಿ ಹೆಸರು ಹೇಳಿ, ಹಿಂದೆಯೇ "ಹೀಗೂ ಕರೆಯುತ್ತಿದ್ದರು" ಅಂತ ಆ ಹೆಸರು ಸೇರಿಸುವುದು ಇದಕ್ಕೇ.

ಕೈಯಲ್ಲಿ ಏನು ಹಿಡಿದುಕೊಂಡು ಹೋಗಬೇಕು? ಹೂಗುಚ್ಛ ಬೇಡ. ಕಾಫಿಪುಡಿ, ಸಕ್ಕರೆ, ಕ್ರ್ಯಾಕರ್ ಬಿಸ್ಕತ್ತು, ಹಾರ್ಡೋ ಅನ್ನುವ ಅಲ್ಲಿನ ಗಟ್ಟಿ ಬ್ರೆಡ್, ಪೇಪರ್ ಲೋಟ, ಇಂಥವು. ನೂರಾರು ಜನರಿಗೆ ರಾತ್ರಿಯೆಲ್ಲ ಕಾಫಿ ಹಂಚಬೇಕಾದ ಮನೆ ಅದು. ಗಂಡಸರು ಒಂದು ಬಾಟಲಿ ಬಿಳಿ ರಮ್ ತರುತ್ತಾರೆ. ಅದು 63 ಪರ್ಸೆಂಟ್ ಮದ್ಯಸಾರದ ಓವರ್‌ಪ್ರೂಫ್. ಯಾರಾದರೂ ಸಣ್ಣ ಲೋಟದಲ್ಲಿ ಕೊಟ್ಟರೆ "ನನಗೆ ಶುಂಠಿ ಟೀ ಸಾಕು" ಅಂದರೆ ಆಯಿತು, ಬಲವಂತ ಮಾಡುವುದಿಲ್ಲ. ಮಣ್ಣು ಶನಿವಾರ ಅಂದಮೇಲೆ ಮನೆಯವರು ಸೆವೆಂತ್ ಡೇ ಅಡ್ವೆಂಟಿಸ್ಟ್ ಅನ್ನುವ ಕ್ರೈಸ್ತ ಪಂಗಡದವರು ಆಗಿರಲಿಕ್ಕಿಲ್ಲ. ಅವರಿಗೆ ಶನಿವಾರ ಸಬ್ಬತ್, ಅಂದರೆ ಕೆಲಸ ಬಿಟ್ಟು ಪ್ರಾರ್ಥಿಸುವ ದಿನ, ಮಣ್ಣು ಭಾನುವಾರಕ್ಕೆ ಇಡುತ್ತಾರೆ. ಅವರ ಮನೆಯಲ್ಲಿ ರಮ್ ಇರುವುದಿಲ್ಲ. ಪೆಂಟೆಕೋಸ್ಟಲ್ ಪಂಗಡದ ಮನೆಯಾದರೂ ಇಲ್ಲದಿರಬಹುದು. ನೀವಂತೂ ಬಾಟಲಿ ಒಯ್ಯುವ ಅಗತ್ಯವಿಲ್ಲ.

ಹಾಡು ಬರಲ್ಲ ಅನ್ನುವ ಚಿಂತೆ ಬೇಡ. ಅಮೆರಿಕದ ಐರಾ ಸ್ಯಾಂಕಿ ಅನ್ನುವವರ ಹತ್ತೊಂಬತ್ತನೇ ಶತಮಾನದ ಭಕ್ತಿಗೀತೆಯ ಪುಸ್ತಕದಿಂದಾಗಿ ಅಲ್ಲಿ ಅಂಥ ಹಾಡುಗಳನ್ನೇ ಸ್ಯಾಂಕಿ ಅನ್ನುತ್ತಾರೆ. ಒಬ್ಬರು ಒಂದೊಂದು ಸಾಲನ್ನು ಬೇಗ ಬೇಗ ಓದಿಹೇಳುತ್ತಾರೆ, ಉಳಿದವರು ಅದನ್ನು ಎಳೆದು ಹಾಡುತ್ತಾರೆ. ಓದು ಬಾರದವರೂ ಪುಸ್ತಕ ಇಲ್ಲದವರೂ ಸೇರಿಕೊಳ್ಳಲಿ ಅಂತ ಬಂದ ಪದ್ಧತಿ. ಇದಕ್ಕೆ ಟ್ರ್ಯಾಕಿಂಗ್ ಅಂತ ಹೆಸರು. ಎರಡು ಸಾಲು ಕೇಳಿದರೆ ಮೂರನೆಯದಕ್ಕೆ ನೀವೂ ದನಿ ಸೇರಿಸಬಹುದು. ತಾಳ ತಪ್ಪಿದರೂ ಪರವಾಗಿಲ್ಲ. ಸುಮ್ನೆ ಕೈ ಕಟ್ಟಿಕೊಂಡು ಕೂರುವುದಕ್ಕಿಂತ ಅದು ಎಷ್ಟೋ ಮೇಲು.

ಇನ್ನು ಊಟ. ಸಾವಿನ ಮನೆಯಲ್ಲಿ ನೀರೂ ಮುಟ್ಟದೆ ಬರುವ ನಮ್ಮ ರೂಢಿಯನ್ನು ಬ್ರಾಂಪ್ಟನ್‌ನಲ್ಲೇ ಬಿಟ್ಟು ಹೋಗಿ. ಅಲ್ಲಿ ತಿನ್ನದೆ ಹೋದರೆ ಮನೆಯವರಿಗೆ ಬೇಜಾರು. ಸತ್ತವರ ಹೆಸರಿನಲ್ಲಿ ಹೊಟ್ಟೆ ತುಂಬಿಸುವುದೇ ಅಲ್ಲಿ ಮರ್ಯಾದೆ. ದೊಡ್ಡ ಹಂಡೆಯಲ್ಲಿ ಕುದಿಯುವುದು ಮ್ಯಾನಿಷ್ ವಾಟರ್. ಆಡಿನ ತಲೆ, ಕಾಲು, ಕರುಳಿಗೆ ಹಸಿ ಬಾಳೆಕಾಯಿ, ಗೆಣಸಿನಂಥ ಯಾಮ್ ಹಾಕಿದ ಸಾರು, ಗಂಡಸರೇ ಸೌದೆ ಒಲೆಯ ಮೇಲೆ ಮಾಡುತ್ತಾರೆ. ಪಕ್ಕದಲ್ಲಿ ಕರಿ ಗೋಟ್, ಅಂದರೆ ಆಡಿನ ಮಸಾಲೆ. ಅದರ ವಾಸನೆಗೆ ನಿಮಗೆ ಊರು ನೆನಪಾದರೆ ಆಶ್ಚರ್ಯವಿಲ್ಲ. 1845ರ ಮೇ 10ರಂದು ಬ್ಲಂಡೆಲ್ ಅನ್ನುವ ಹಡಗು ಓಲ್ಡ್ ಹಾರ್ಬರ್ ಬೇಯಲ್ಲಿ ಮೊದಲ ಭಾರತೀಯ ಕೂಲಿಗಳನ್ನು ಇಳಿಸಿತು. 1917ರವರೆಗೆ ಸುಮಾರು 36,000 ಮಂದಿ ಹಾಗೆ ಬಂದರು, ಹೆಚ್ಚಿನವರು ಉತ್ತರ ಭಾರತದವರು. ಅವರ ಅರಿಶಿನ, ಜೀರಿಗೆ ಇವತ್ತು ಜಮೈಕಾದ ಪ್ರತಿ ಸಾವಿನ ಊಟದಲ್ಲೂ ಇದೆ.

ನಿಮಗೆ ತಿನ್ನಲು ಬೇಕಾದಷ್ಟು ಸಿಗುತ್ತದೆ. ಸುಟ್ಟ ಬ್ರೆಡ್‌ಫ್ರೂಟ್, ಅಂದರೆ ನಮ್ಮ ಕರಾವಳಿಯವರ ದೀವಿಹಲಸು, ಬೇಯಿಸಿದ ಯಾಮ್, ಕರಿದ ಬಾಳೆಹಣ್ಣು, ಮರಗೆಣಸಿನ ರೊಟ್ಟಿ ಬ್ಯಾಮಿ. ರೈಸ್ ಆ್ಯಂಡ್ ಪೀಸ್ ಅಂದರೆ ತೆಂಗಿನಹಾಲಿನಲ್ಲಿ ರಾಜ್ಮಾ ಹಾಕಿ ಬೇಯಿಸಿದ ಅನ್ನ. ನೋಡಲು ಸಸ್ಯಾಹಾರವೇ, ಆದರೆ ಕೆಲವರು ರುಚಿಗೆ ಉಪ್ಪು ಹಾಕಿದ ಹಂದಿಯ ಬಾಲ ಸೇರಿಸುತ್ತಾರೆ, ಕೇಳಿ ಬಡಿಸಿಕೊಳ್ಳಿ. ಸೊಪ್ಪಿನ ಪಲ್ಯದಂತಿರುವ ಕ್ಯಾಲಲೂನಲ್ಲಿ ಉಪ್ಪುಮೀನು ಇರಬಹುದು. "ವೆಜಿಟೇರಿಯನ್" ಅಂದರೆ ಮೀನು ತಿನ್ನುತ್ತಾರೆ ಅಂದುಕೊಳ್ಳುವವರು ಇದ್ದಾರೆ. "ಐಟಲ್" ಅನ್ನಿ, ತಕ್ಷಣ ಗೊತ್ತಾಗುತ್ತದೆ. ಅದು ಜಟೆ ಬಿಡುವ ರಾಸ್ತಫಾರಿ ಪಂಥದವರ ಊಟದ ಹೆಸರು.

ರಾಸ್ತ ಅಂದಾಗ ನೆನಪಾಯಿತು. ಮನೆಯಲ್ಲಿ ಜಟೆ ಬಿಟ್ಟ ಮಗನೋ ಸೋದರಮಾವನೋ ಇದ್ದು, ಅವರು ಶವಪೆಟ್ಟಿಗೆಯ ಹತ್ತಿರ ಸುಳಿಯದಿದ್ದರೆ ಜಗಳ ಇರಬೇಕು ಅಂತ ಊಹಿಸಬೇಡಿ. ಸತ್ತ ದೇಹದಿಂದ ದೂರ ಇರುವುದು ಅನೇಕ ರಾಸ್ತಗಳ ವ್ರತ.

ಶುಕ್ರವಾರ ಹಗಲು ನೀವು ಅಲ್ಲಿದ್ದರೆ ಗುಂಡಿ ತೋಡುವುದನ್ನು ನೋಡುತ್ತೀರಿ. ಕೆಲವೊಮ್ಮೆ ಒಂದೆರಡು ದಿನ ಮೊದಲೇ ಮುಗಿದಿರುತ್ತದೆ. ಹಳ್ಳಿಯಲ್ಲಿ ಸ್ಮಶಾನಕ್ಕಿಂತ ಸ್ವಂತ ಜಾಗದಲ್ಲಿ, ಮನೆಯ ಹಿಂದೆಯೋ ಬದಿಯ ಬೆಟ್ಟದಲ್ಲೋ ಮಣ್ಣು ಮಾಡುವುದು ಜಾಸ್ತಿ. 1838ರಲ್ಲಿ ಗುಲಾಮಗಿರಿ ಪೂರ್ತಿ ಹೋದ ಮೇಲೆ ಬಿಡುಗಡೆಯಾದ ಜನ ತುಂಡು ಭೂಮಿ ಕೊಂಡರು. ಆ ಭೂಮಿ ಪಾಲಾಗದೆ ಮಕ್ಕಳು ಮೊಮ್ಮಕ್ಕಳೆಲ್ಲರದೂ ಆಗಿ ಉಳಿಯುತ್ತದೆ. ಅದಕ್ಕೆ ಫ್ಯಾಮಿಲಿ ಲ್ಯಾಂಡ್ ಅನ್ನುತ್ತಾರೆ. ಕಾಗದಪತ್ರ ಸರಿ ಇಲ್ಲದಿದ್ದರೂ ಅಲ್ಲಿರುವ ಅಜ್ಜ ಅಜ್ಜಿಯರ ಸಮಾಧಿಗಳೇ ಈ ನೆಲ ನಮ್ಮದು ಅನ್ನಲು ಸಾಕ್ಷಿ. ರೆಗೆ ಗಾಯಕ ಬಾಬ್ ಮಾರ್ಲಿಯಂಥವನನ್ನೂ 1981ರಲ್ಲಿ ಕಿಂಗ್‌ಸ್ಟನ್‌ನ ದೊಡ್ಡ ಸಭಾಂಗಣದಲ್ಲಿ ಪ್ರಾರ್ಥನೆ ಮುಗಿಸಿ, ಹುಟ್ಟಿದ ಹಳ್ಳಿ ನೈನ್ ಮೈಲ್‌ಗೇ ಒಯ್ದು ಇಟ್ಟರು.

ತೋಡುವವರು ಕೂಲಿಯವರಲ್ಲ, ಗೆಳೆಯರು ಮತ್ತು ನೆರೆಯವರು. ಮೊದಲ ಗುದ್ದಲಿ ಬೀಳುವ ಮುಂಚೆ ನೆಲಕ್ಕೆ ಬಿಳಿ ರಮ್ ಚಿಮುಕಿಸುತ್ತಾರೆ, ಮೊದಲೇ ಅಲ್ಲಿ ಮಲಗಿದವರ ಅಪ್ಪಣೆ ಕೇಳಿದ ಹಾಗೆ. ಆಮೇಲೆ ಸಿಮೆಂಟ್ ಇಟ್ಟಿಗೆಯಲ್ಲಿ ಒಳಗೆ ಪೆಟ್ಟಿಗೆಯಂಥ ವಾಲ್ಟ್ ಕಟ್ಟುತ್ತಾರೆ. ಹತ್ತಿರ ಹೋಗಿ ನೋಡಬಹುದು. ಆದರೆ ಸಮಾಧಿಗಳ ಕಡೆ ಬೆರಳು ಮಾಡಿ ತೋರಿಸಬೇಡಿ, ಬೆರಳು ಕೊಳೆಯುತ್ತದೆ ಅಂತ ನಂಬಿಕೆ. ಮಗಳಿಗೂ ಹೇಳಿಡಿ. ಅಡುಗೆಯ ಕಡೆ ಹೋಗಿ ಬ್ರೆಡ್ ಕತ್ತರಿಸುತ್ತೇನೆ, ಲೋಟ ತೊಳೆಯುತ್ತೇನೆ ಅಂದರೆ "ನೀವು ಅತಿಥಿ, ಕೂತ್ಕೊಳ್ಳಿ" ಅನ್ನುತ್ತಾರೆ. ಎರಡನೇ ಸಲ ಕೇಳಿ, ಚಾಕು ಕೈಗೆ ಬರುತ್ತದೆ.

ಬಟ್ಟೆಯ ವಿಷಯ. ರಾತ್ರಿಗೆ ಮಾಮೂಲಿ ಉಡುಪು ಸಾಕು. ಸೊಳ್ಳೆ ಕಾಟವಿದೆ, ತೋಳು ಮುಚ್ಚಿದ್ದರೆ ಒಳ್ಳೆಯದು. ಚರ್ಚಿಗೆ ಮಾತ್ರ ಜನ ಚೆನ್ನಾಗಿ ಸಿದ್ಧರಾಗಿ ಬರುತ್ತಾರೆ. ಹಿರಿಯ ಹೆಂಗಸರು ಹ್ಯಾಟ್ ಹಾಕುತ್ತಾರೆ. ಕಪ್ಪು, ಬಿಳಿ, ನೇರಳೆ ಹಳೆಯ ಬಣ್ಣಗಳು. ಈಗ ಮನೆಯವರೇ ಒಂದು ಬಣ್ಣ ಗೊತ್ತುಮಾಡಿ ಎಲ್ಲರೂ ಅದನ್ನೇ ಹಾಕುವುದು, ಫೋಟೋ ಅಚ್ಚು ಹಾಕಿದ ಟೀ ಶರ್ಟ್ ಹಂಚುವುದು ಉಂಟು. ಹಳದಿಯೋ ತಿಳಿನೀಲಿಯೋ ಇರಬಹುದು. ಗೆಳತಿಗೆ ಫೋನ್ ಮಾಡಿ ಕೇಳಿಬಿಡಿ. ಸೀರೆ ಉಡಬಹುದಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಉಡಬಹುದು, ಜರಿ ಇಲ್ಲದ ಹತ್ತಿ ಸೀರೆ. ಆದರೆ ಮಳೆಯಾದ ಬೆಟ್ಟದ ಇಳಿಜಾರಿನಲ್ಲಿ, ಕೆಂಪು ಕೆಸರಿನಲ್ಲಿ ಪೆಟ್ಟಿಗೆಯ ಹಿಂದೆ ನಡೆಯಬೇಕಾಗುತ್ತದೆ. ಮೊಣಕಾಲು ದಾಟುವ ಫ್ರಾಕ್ ಅಥವಾ ಉದ್ದದ ಸ್ಕರ್ಟ್ ಅನುಕೂಲ. ಕೆಲವು ಚರ್ಚುಗಳಲ್ಲಿ ಹೆಂಗಸರು ಪ್ಯಾಂಟ್ ಹಾಕುವುದು ಹಿಡಿಸುವುದಿಲ್ಲ. ಹಿಮ್ಮಡಿ ಎತ್ತರದ ಚಪ್ಪಲಿ ಬೇಡವೇ ಬೇಡ. ಛತ್ರಿ ಇರಲಿ, ಬಿಸಿಲಿಗೂ ಬೇಕು.

ಚರ್ಚಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅಲ್ಲಿ ಅಚ್ಚು ಹಾಕಿದ ಕಾರ್ಯಕ್ರಮದ ಪುಸ್ತಿಕೆ ಕೊಡುತ್ತಾರೆ, ಅದನ್ನು ನೋಡಿಕೊಂಡು ಎದ್ದು ಕೂತರೆ ಆಯಿತು. ಎರಡು ಮೂರು ಗಂಟೆ ಹಿಡಿಯುತ್ತದೆ. ಮೊದಲು ಮುಚ್ಚಳ ತೆರೆದ ಪೆಟ್ಟಿಗೆಯ ಮುಂದೆ ಸಾಲಾಗಿ ಹೋಗುತ್ತಾರೆ. ಮುಖ ನೋಡಲು ಮನಸ್ಸಾಗದಿದ್ದರೆ ಕೂತಲ್ಲೇ ಇರಿ, ಯಾರೂ ಲೆಕ್ಕ ಇಡುವುದಿಲ್ಲ. ಯಾರಾದರೂ ಕೂಗಿ ಅತ್ತು ನೆಲಕ್ಕೆ ಬೀಳಬಹುದು. ಓಡಿಹೋಗಿ ಹಿಡಿಯಬೇಡಿ. ಬೀಸಣಿಗೆ, ಬೇ ರಮ್ ಹಿಡಿದು ನೋಡಿಕೊಳ್ಳುವವರು ಇರುತ್ತಾರೆ. ಬೇ ರಮ್ ಹಣೆಗೆ ಹಚ್ಚುವ ಎಲೆಯ ದ್ರಾವಣ, ಹೆಸರು ನೋಡಿ ಮೋಸಹೋಗಬೇಡಿ. ಮೊದಲ ಸಾಲುಗಳು ಬಂಧುಗಳದ್ದು. ಗೆಳತಿ ಕೈ ಹಿಡಿದು ಎಳೆದು ಪಕ್ಕ ಕೂರಿಸಿಕೊಂಡರೆ ಸಂಕೋಚಪಡದೆ ಕೂರಿ.

ನಿಮ್ಮನ್ನು ಎರಡು ಮಾತಾಡಲು ಕರೆಯುವ ಸಾಧ್ಯತೆ ಇದೆ. ಟ್ರಿಬ್ಯೂಟ್ ಅನ್ನುತ್ತಾರೆ. ಕೆನಡಾದಿಂದ ಬಂದ ಭಾರತದ ಗೆಳತಿಯನ್ನು ಸುಮ್ಮನೆ ಬಿಡುವುದಿಲ್ಲ. ತಯಾರಿರಿ. ಎದ್ದು ನಿಂತು ಮೊದಲು ಚರ್ಚಿಗೆ ವಂದಿಸಿ, ಅವರು ದೊಡ್ಡ ದನಿಯಲ್ಲಿ ತಿರುಗಿ ವಂದಿಸುತ್ತಾರೆ. ಆಮೇಲೆ ಆ ಮುದ್ದು ಹೆಸರು ಹೇಳಿ. ಮಗಳನ್ನು ಹೇಗೆ ನೋಡಿಕೊಂಡರು, ಏನು ತಿನ್ನಿಸಿದರು, ಏನಂತ ಬೈದರು, ಅಂಥ ಒಂದೇ ಒಂದು ಪ್ರಸಂಗ ಹೇಳಿ. ನಗು ಬರುವಂಥದ್ದಾದರೆ ಇನ್ನೂ ಒಳ್ಳೆಯದು, ಜನ ನಗುತ್ತಾರೆ, "ಆಮೆನ್" ಅನ್ನುತ್ತಾರೆ. ಸಾವು, ಜೀವನ ಅಂತ ಉಪದೇಶ ಬೇಡ. ಅದಕ್ಕೆ ಪಾದ್ರಿ ಇದ್ದಾರೆ, ಅವರು ಬೇಗ ಮುಗಿಸುವವರಲ್ಲ.

ಮಗಳನ್ನು ಕರೆದುಕೊಂಡು ಹೋಗಿ. ಅಲ್ಲಿ ಮಕ್ಕಳನ್ನು ಸಾವಿನಿಂದ ಬಚ್ಚಿಡುವುದಿಲ್ಲ, ಆಡಲು ಜೊತೆಗೂ ಬೇಕಾದಷ್ಟು ಮಕ್ಕಳಿರುತ್ತಾರೆ. ಒಂದು ವಿಷಯ ಮಾತ್ರ ತಿಳಿದಿರಲಿ. ಸತ್ತವರು ತುಂಬಾ ಪ್ರೀತಿಸಿದ ಚಿಕ್ಕ ಮಕ್ಕಳನ್ನು ಡಪ್ಪಿ ಬಂದು ಮಾತಾಡಿಸದಿರಲಿ ಅಂತ ಪೆಟ್ಟಿಗೆಯ ಮೇಲಿಂದ ಆಚೆಗೆ ಎತ್ತಿ ದಾಟಿಸುವ ಪದ್ಧತಿ ಹಳಬರಲ್ಲಿದೆ. ಸಾಮಾನ್ಯವಾಗಿ ಮನೆಯ ಮಕ್ಕಳಿಗೆ ಮಾಡುತ್ತಾರೆ. ನಿಮ್ಮ ಮಗಳನ್ನೂ ಕರೆದರೆ, ಅವಳನ್ನು ಮೊಮ್ಮಗಳ ಲೆಕ್ಕಕ್ಕೆ ಸೇರಿಸಿದ್ದಾರೆ ಅಂತ ತಿಳಿಯಿರಿ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಅವಳು ಹೆದರಿದರೆ "ಬೇಡ ಆಂಟಿ" ಅಂತ ನಗುತ್ತಾ ಹೇಳಿದರೆ ಸಾಕು. ಹಿಂದಿನ ದಿನವೇ ಗೆಳತಿಯನ್ನು ಕೇಳಿಟ್ಟುಕೊಂಡರೆ ಅಲ್ಲಿ ಮುಜುಗರವಿಲ್ಲ.

ಗುಂಡಿಯ ಹತ್ತಿರ ಪ್ರಾರ್ಥನೆ ಮುಗಿದ ಕೂಡಲೇ ಹೊರಡಬೇಡಿ. ಪೆಟ್ಟಿಗೆ ಇಳಿಸಿದ ಮೇಲೆ ಗಂಡಸರು ಅಲ್ಲೇ ಸಿಮೆಂಟ್ ಕಲಸಿ, ವಾಲ್ಟಿಗೆ ಚಪ್ಪಡಿ ಇಟ್ಟು ಮುಚ್ಚುತ್ತಾರೆ. ಅಷ್ಟು ಹೊತ್ತೂ ಹೆಂಗಸರು ಬಿಸಿಲಲ್ಲಿ ನಿಂತು ಒಂದರ ಹಿಂದೆ ಒಂದು ಹಾಡುತ್ತಾರೆ. ಇಡೀ ದಿನದಲ್ಲಿ ನನಗೆ ಅತ್ಯಂತ ದೊಡ್ಡದು ಅನ್ನಿಸುವುದು ಇದೇ. ಗಾರೆ ಕೆಲಸದ ಕರಣೆಯ ಸದ್ದು, ಹಾಡು, ಬೆವರು, ಅಳು ಎಲ್ಲ ಒಟ್ಟಿಗೆ. ಎಲ್ಲರೂ ಫೋನಿನಲ್ಲಿ ವಿಡಿಯೋ ಮಾಡುತ್ತಿರುತ್ತಾರೆ, ಬರಲಾಗದ ಬಂಧುಗಳಿಗೆ ನೇರ ತೋರಿಸುತ್ತಿರುತ್ತಾರೆ. ನೀವು ಮಾಡುವ ಮುಂಚೆ ಮಾತ್ರ ಗೆಳತಿಯನ್ನು ಕೇಳಿ, ಮುಖದ ಫೋಟೋ ಎಲ್ಲೂ ಹಾಕಬೇಡಿ.

ಆಮೇಲೆ ರಿಪಾಸ್ಟ್, ಅಂದರೆ ಊಟ. ಮನೆಯಲ್ಲೋ ಶಾಲೆಯ ಅಂಗಳದಲ್ಲೋ ಇರುತ್ತದೆ. ಬಡಿಸುವ ಮೊದಲು ಐಟಲ್ ಮಾತು ಮತ್ತೆ ನೆನಪಿಸಿ, ಡಬ್ಬಿಗಳಲ್ಲಿ ಮೊದಲೇ ತುಂಬಿಟ್ಟಿರುತ್ತಾರೆ.

ದುಡ್ಡು ಕೊಡಬಹುದು, ಕೊಟ್ಟರೆ ಒಳ್ಳೆಯದು. ಪೆಟ್ಟಿಗೆ, ವಾಲ್ಟ್, ಬಸ್ಸು, ಊಟ ಎಲ್ಲ ಸೇರಿ ಖರ್ಚು ಭಾರಿ. ಅದರ ಹೊರೆ ಹೊರದೇಶದಲ್ಲಿರುವ ಮಕ್ಕಳ ಮೇಲೇ ಜಾಸ್ತಿ ಬೀಳುತ್ತದೆ, ಅಂದರೆ ನಿಮ್ಮ ಗೆಳತಿಯ ಮೇಲೆ. ಸಂತಾಪದ ಕಾರ್ಡಿನೊಳಗೆ ಇಟ್ಟು, ಇಲ್ಲಿಂದ ಹೊರಡುವ ಮೊದಲೇ ಬ್ರಾಂಪ್ಟನ್‌ನಲ್ಲಿ ಆಕೆಯ ಕೈಗೆ ಕೊಡಿ. ಮಣ್ಣಿನ ದಿನ ಕೊಟ್ಟರೆ ಎಲ್ಲಿಡಬೇಕು ಅನ್ನುವುದೇ ಅವರಿಗೆ ತಲೆನೋವು. ಮೊತ್ತ ನಿಮ್ಮ ಶಕ್ತಿ. ಚರ್ಚಿನಲ್ಲಿ ಕಾಣಿಕೆ ತಟ್ಟೆ ಬಂದರೆ ಅದಕ್ಕೆ ಬೇರೆ ಚಿಲ್ಲರೆ ಇಟ್ಟುಕೊಂಡಿರಿ.

ಸೂತಕ, ಮೈಲಿಗೆಯ ಚಿಂತೆ ಇದ್ದರೆ ರೂಮಿಗೆ ಹೋಗಿ ತಲೆಗೆ ಸ್ನಾನ ಮಾಡಿಕೊಳ್ಳಿ. ಆ ಸೆಖೆಗೆ ಎಲ್ಲರೂ ಮಾಡುತ್ತಾರೆ. ಕಾರಣ ಹೇಳಲು ಹೋಗಬೇಡಿ. ಅವರಿಗೂ ಅವರದೇ ಎಚ್ಚರಿಕೆಗಳಿವೆ. ರಾತ್ರಿ ಮನೆಗೆ ಬರುವವರು ಡಪ್ಪಿ ಹಿಂದೆ ಬರದಿರಲಿ ಅಂತ ಮೂರು ಸುತ್ತು ತಿರುಗಿ ಬೆನ್ನು ಹಾಕಿ ಒಳಗೆ ಬರುವುದನ್ನು ಕಂಡರೆ ನೀವೂ ನಗಬೇಡಿ.

ಕೊನೆಗೆ ಪ್ರಯಾಣದ ಲೆಕ್ಕ. ಮಾಂಟೆಗೋ ಬೇಗಿಂತ ಕಿಂಗ್‌ಸ್ಟನ್‌ನ ನಾರ್ಮನ್ ಮ್ಯಾನ್ಲಿ ವಿಮಾನ ನಿಲ್ದಾಣ ನಿಮಗೆ ಹತ್ತಿರ. ಅಲ್ಲಿಂದ ಸ್ಟೋನಿ ಹಿಲ್, ಕ್ಯಾಸಲ್‌ಟನ್ ಮೇಲೆ ಹೋಗುವ ಜಂಕ್ಷನ್ ರೋಡ್ ನದಿಯ ಪಕ್ಕದಲ್ಲೇ ಸುತ್ತಿ ಸುತ್ತಿ ಬೆಟ್ಟ ದಾಟುತ್ತದೆ. ಮಗಳಿಗೆ ವಾಂತಿಯಾಗುವ ಅಭ್ಯಾಸವಿದ್ದರೆ ಮಾತ್ರೆ ಮೊದಲೇ ಕೊಡಿ. ಜೋರು ಮಳೆಯಾದರೆ ಮಣ್ಣು ಕುಸಿದು ದಾರಿ ಮುಚ್ಚುವುದೂ ಇದೆ. ಮಣ್ಣಿನ ದಿನ ರಾತ್ರಿಯ ವಿಮಾನವನ್ನಂತೂ ಹಿಡಿಯಬೇಡಿ. ಹನ್ನೊಂದಕ್ಕೆ ಅಂದ ಪ್ರಾರ್ಥನೆ ಹನ್ನೆರಡಕ್ಕೆ ಶುರುವಾಗುತ್ತದೆ, ಸಿಮೆಂಟ್ ಮುಗಿಯುವಾಗ ಸಂಜೆ. ಸೋಮವಾರದ ಟಿಕೆಟ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಭಾನುವಾರ ಪೆಂಡಾಲು ಬಿಚ್ಚಿ, ಬಾಡಿಗೆ ಕುರ್ಚಿ ಎಣಿಸಿ, ಪಾತ್ರೆ ವಾಪಸ್ ಕೊಡುವ ಕೆಲಸ ಗೆಳತಿಯ ತಲೆಯ ಮೇಲೆಯೇ ಇರುತ್ತದೆ. ಅವತ್ತು ಬರುವವರು ಕಡಿಮೆ.